ಕೆಂಪು ಕಾಣಬಾರದು

ಫಾರ್ವರ್ಡ್ ಮಾಡುವ ಅವಸರ ಬೇಡ... ಮೊದಲು ಪೂರ್ತಿ ಓದಿ.

ಹುಬ್ಬಳ್ಳಿಯಲ್ಲಿ ಗಂಗಾಧರ ಮುನವಳ್ಳಿ ಎಂಬ ಔಷಧಿ ಹೋಲ್‌ಸೇಲ್ ವ್ಯಾಪಾರಿ. ಸುತ್ತಲಿನ ಸಣ್ಣಪುಟ್ಟ ಆಸ್ಪತ್ರೆಗಳಿಗೆಲ್ಲ ಇವರ ಗೋಡೌನಿನಿಂದಲೇ ಔಷಧಿ ಹೋಗಬೇಕು.

ಮೊದಲೆಲ್ಲ ಆರ್ಡರ್ ಫೋನಿನಲ್ಲಿ ಬರುತ್ತಿತ್ತು. "ಏನ್ರಿ ಸಿಸ್ಟರ್, ಊಟ ಆತೇನ್ರಿ? ಏನೇನ್ ಕಳಸೂಣ್ರಿ?" ಎಂದು ಶುರುವಾದ ಮಾತು ಮಕ್ಕಳ ಮದುವೆಯವರೆಗೂ ಹೋಗುತ್ತಿತ್ತು.

ಗಂಗಾಧರ ಸಾಹುಕಾರರಿಗೆ ಇದೆಲ್ಲ ಬರೀ ಹರಟೆ ಅನ್ನಿಸಿತು. ಹೊಸ ಸಾಫ್ಟ್‌ವೇರ್ ಹಾಕಿಸಿದರು.

ಇನ್ನು ಮೇಲೆ ಆಸ್ಪತ್ರೆಯ ಕಂಪ್ಯೂಟರ್ ಆರ್ಡರ್ ಕಳಿಸುತ್ತದೆ. ಇವರ ಕಂಪ್ಯೂಟರ್ ಅದನ್ನು ನೇರವಾಗಿ ಸ್ಟಾಕಿಗೂ ಬಿಲ್ಲಿಗೂ ಸೇರಿಸಿಕೊಳ್ಳುತ್ತದೆ... ನಡುವೆ ಒಬ್ಬ ಮನುಷ್ಯನೂ ಬೇಡ!

ಉದ್ಘಾಟನೆಯ ದಿನ ಕಂಪ್ಯೂಟರಿಗೆ ಹೂವಿನ ಹಾರ ಬಿತ್ತು. ಇನ್ನೇನು ಮಠದ ಅಜ್ಜಾರು, ಅಂದರೆ ಸ್ವಾಮೀಜಿ, ಬರಬೇಕು... ಗೋಡೆಯ ದೊಡ್ಡ ಸ್ಕ್ರೀನಿನ ಮೇಲೆ ಒಂದು ಕೆಂಪು ದೀಪ ಮಿಣಮಿಣ ಎನ್ನತೊಡಗಿತು.

"ಇದೇನವ್ವಾ ಇದು?" ಎಂದರು ಸಾಹುಕಾರರು.

ಸಾಫ್ಟ್‌ವೇರ್ ಜೋಡಿಸಲು ಬಂದಿದ್ದ ಇಂಜಿನಿಯರ್ ಹುಡುಗಿ ಹೇಳಿದಳು: "ಸರ್, ಆಸ್ಪತ್ರೆಯವರ ಕಡೆ ಔಷಧಿಗೆ ಒಂದು ಕೋಡ್ ಇರುತ್ತೆ, ನಮ್ಮ ಕಡೆ ಇನ್ನೊಂದು. ಎರಡೂ ಹೊಂದದಿದ್ರೆ ಆ ಆರ್ಡರ್ ಪಕ್ಕಕ್ಕೆ ಹೋಗುತ್ತೆ, ಈ ಕೆಂಪು ಹತ್ತುತ್ತೆ. ಯಾರಾದ್ರೂ ನೋಡಿ ಸರಿ ಮಾಡ್ಬೇಕು."

"ಅಯ್ಯ ನಮ್ಮವ್ವ! ಶುಭ ಕೆಲಸದಾಗ ಇಂಥಾ ಕೆಂಪ ಕಾಣಬಾರದು. ಅಜ್ಜಾರು ಬರೂದ್ರಾಗ ಬಂದ್ ಮಾಡು."

ನೋಡಿ ಹೇಗಿದೆ... ಹಣೆಯ ಕುಂಕುಮದ ಕೆಂಪು ಬೇಕು, ಎಚ್ಚರಿಸುವ ದೀಪದ ಕೆಂಪು ಬೇಡ!

"ಸರ್, ಈಗ ಆರಿಸ್ತೀನಿ, ನಾಳೆ ಮರೀದೆ ಮತ್ತೆ ಹಾಕಿಸ್ಬೇಕು."

"ಆತವ್ವಾ, ಆತು."

ಆ ನಾಳೆ ಬರಲೇ ಇಲ್ಲ. ಸ್ಕ್ರೀನ್ ದಿನವೂ ಹಸಿರಾಗಿ ಕಾಣುತ್ತಿತ್ತು, ಸಾಹುಕಾರರಿಗೆ ಹಾಲು ಕುಡಿದಷ್ಟು ಸಂತೋಷ. 'ಇನ್ನು ಯಾರೂ ಫೋನ್ ಮಾಡಬೇಡಿ, ಎಲ್ಲವನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ' ಎಂದು ಎಲ್ಲ ಆಸ್ಪತ್ರೆಗಳಿಗೂ ಮೆಸೇಜ್ ಹೋಯಿತು.

ಶೇಂಗಾ ಕೀಳುವ ಕಾಲ ಬಂತು; ಹೊಲಗಳಲ್ಲಿ ಹಾವು ಕಡಿಯುವುದೂ ಆಗಲೇ ಹೆಚ್ಚು. ಗದಗದ ಆಚೆ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆ ಇದೆ. ಪ್ರತಿವರ್ಷ ಈ ಹೊತ್ತಿಗೆ ಅಲ್ಲಿಂದ ಹಾವು ಕಡಿತದ ಇಂಜೆಕ್ಷನ್ನಿಗೆ ಆರ್ಡರ್ ಬರಲೇಬೇಕು.

ಈ ವರ್ಷ ಸಲೈನ್ ಕೇಳಿದರು, ಮಾತ್ರೆ ಕೇಳಿದರು... ಹಾವಿನ ಇಂಜೆಕ್ಷನ್ ಮಾತ್ರ ಕೇಳಲಿಲ್ಲ.

'ಹೋ... ಅದಕ್ಕೆ ಬೇರೆ ಅಂಗಡಿ ಹುಡುಕಿಕೊಂಡರೋ? ಹೋಗಲಿ ಬಿಡು, ಬೇಡಿಕೊಳ್ಳುವ ಮನುಷ್ಯ ನಾನಲ್ಲ.' ಸಾಹುಕಾರರು ಒಳಗೊಳಗೇ ಮುನಿಸಿಕೊಂಡರು. ಒಂದು ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ.

ಒಂದು ಮಧ್ಯಾಹ್ನ ಅವರ ಮೊಬೈಲ್ ಹೊಡೆದುಕೊಂಡಿತು. ಅದೇ ಆಸ್ಪತ್ರೆಯ ಎಸ್ತರ್ ಸಿಸ್ಟರ್.

"ಸಾಹುಕಾರ್ರ... ನಿಮ್ಮ ಗಾಡಿ ಎಲ್ಲೀತನಾ ಬಂತ್ರಿ?"

"ಯಾವ ಗಾಡಿ ಸಿಸ್ಟರ್?"



"ಹಾವಿನ ಇಂಜೆಕ್ಷನ್ರಿ... ಎಷ್ಟ್ ಸಲಾ ಆರ್ಡರ್ ಕಳಿಸೇವಿ! ಪ್ರತಿ ಸಲಾನೂ ನಿಮ್ಮ ಕಂಪ್ಯೂಟರ್ 'ಆರ್ಡರ್ ಮುಟ್ಟಿದೆ' ಅಂತ ಉತ್ತರಾ ಕೊಟ್ಟೈತಿ. ನೀವ್ ಎಂದೂ ತಪ್ಪಿಸಿದವರಲ್ಲ, ಇವತ್ತ ಬರತೈತಿ, ನಾಳೆ ಬರತೈತಿ ಅಂತ ಹಾದಿ ನೋಡೀವ್ರಿ... ಈಗ ಒಬ್ಬಾಕಿ ಬಂದಾಳ್ರಿ. ಇದ್ದಷ್ಟ ಔಷಧ ಹಾಕೇವಿ, ಸಾಲವಲ್ದು. ಉಸಿರಾಟದ ಮಷೀನ್ ಮ್ಯಾಲ ಅದಾಳ, ಬ್ಯಾರೆ ಕಡೆ ಒಯ್ಯೂ ಹಂಗಿಲ್ಲ..."



ಸಾಹುಕಾರರು ಓಡಿಹೋಗಿ ಕಂಪ್ಯೂಟರಿನಲ್ಲಿ ಹುಡುಕಿಸಿದರು. ಕೋಡ್ ಹೊಂದದ ಆರ್ಡರುಗಳೆಲ್ಲ ಒಂದು ಮೂಲೆಯಲ್ಲಿ ಬಿದ್ದಿದ್ದವು... ಸಿಸ್ಟರ್ ಕಳಿಸಿದವೂ ಅಲ್ಲೇ ಇದ್ದವು. ಯಂತ್ರ ಅವನ್ನು ಪಡೆದುಕೊಂಡಿತ್ತು, 'ಮುಟ್ಟಿದೆ' ಎಂದು ಉತ್ತರವನ್ನೂ ಕೊಟ್ಟಿತ್ತು. ಯಾವ ಮನುಷ್ಯನಿಗೂ ತಿಳಿಸಿರಲಿಲ್ಲ. ತಿಳಿಸಬೇಡ ಎಂದವರು ಇವರೇ ಅಲ್ಲವೇ?

ಇಂಜೆಕ್ಷನ್ ಪೆಟ್ಟಿಗೆ ಕಾರಿಗೆ ಹಾಕಿಕೊಂಡು ತಾವೇ ಓಡಿಸಿದರು. ದಾರಿಯುದ್ದಕ್ಕೂ ಹೊಲಗಳಲ್ಲಿ ಹೆಂಗಸರು ಬರಿಗೈಯಲ್ಲಿ ಶೇಂಗಾ ಬಳ್ಳಿ ಕೀಳುತ್ತಿದ್ದರು... ಅವರನ್ನು ನೋಡಿದಷ್ಟೂ ಕಾರಿನ ವೇಗ ಏರಿಸಿದರು. ಮನೆದೇವರಿಗೆ ಏನೇನೋ ಹರಕೆ ಹೊತ್ತರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಎಸ್ತರ್ ಸಿಸ್ಟರ್ ನಿಂತಿದ್ದರು. ಅವಸರವೇ ಇಲ್ಲದೆ ಪೆಟ್ಟಿಗೆ ತೆಗೆದುಕೊಂಡರು.

"ಒಳಗ ಇಡತೇನ್ರಿ... ಮುಂದ ಬರೂವರಿಗೆ ಬೇಕಾಗತೈತಿ."

ಸಾಹುಕಾರರು ಅಲ್ಲೇ ಬೆಂಚಿನ ಮೇಲೆ ಕುಸಿದರು.

ಪಕ್ಕದಲ್ಲಿ ಒಬ್ಬ ಯುವಕ ಗೋಡೆಗೆ ಒರಗಿ ಕೂತಿದ್ದ. ಔಷಧಿ ಸಾಲದೆ ತೀರಿಹೋದ ಫಕೀರವ್ವನ ಗಂಡ ದ್ಯಾಮಣ್ಣ. ಇವರ ಬೆವರು, ಏದುಸಿರು ನೋಡಿ ಎದ್ದುಹೋಗಿ, ಒಂದು ಲೋಟ ನೀರು ತಂದು ಕೊಟ್ಟ.

"ಕುಡೀರಿ ಸಾಹುಕಾರ್ರ. ನಮ್ಮಾಕಿ ಸಲುವಾಗಿ ಅಷ್ಟ್ ದೂರದಿಂದ ಔಷಧ ತುಗೊಂಡ್ ಓಡಿ ಬಂದೀರಂತ... ಸಿಸ್ಟರ್ ಹೇಳಿದ್ರು. ಬಡವರಿಗೆ ಇಷ್ಟ್ ಯಾರ್ ಮಾಡತಾರ್ರಿ? ನಿಮ್ಮ ಉಪಕಾರ ಮರಿಯೂದಿಲ್ಲ."

ಹೀಗೆಂದವನೇ ಎರಡೂ ಕೈ ಜೋಡಿಸಿದ.

"ಬ್ಯಾಡೋ ತಮ್ಮಾ... ಕೈ ಮುಗೀಬ್ಯಾಡ... ನಾನು... ನನ್ನಿಂದನ..." ಸಾಹುಕಾರರು ಅವನ ಕಾಲ ಬಳಿ ಕುಳಿತು ಬಿಕ್ಕಿಬಿಕ್ಕಿ ಅತ್ತರು.

ಅವರ ಅಳುವಿಗೆ ಕಾರಣವೇನೆಂದು ದ್ಯಾಮಣ್ಣನಿಗೆ ತಿಳಿಯಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಅವನೇ ಅವರ ಬೆನ್ನು ಸವರುತ್ತಾ ಹೇಳಿದ:

"ಅಳಬ್ಯಾಡ್ರಿ ಯಪ್ಪಾ... ನಿಮ್ಮದೇನ್ ತಪ್ಪೈತ್ರಿ?"

ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು... ಹೊಣೆಯನ್ನು ಒಪ್ಪಿಸಲಾಗದು.

ನಿಮ್ಮವರ ಮೆಸೇಜಿಗೆ ಇವತ್ತು ಬರೀ 'ಓಕೆ' ಎಂದು ಒತ್ತಿ ಸುಮ್ಮನಾದಿರಲ್ಲ... ಅವರು ಏನು ಕೇಳಿದ್ದರು ಎಂದು ನಿಜವಾಗಿಯೂ ಓದಿದ್ದಿರಾ?