ಕೂಣಿಗೆ ಬಿದ್ದ ಕುಚ್ಚು

ಆನಂದಪ್ಪ ಬಕೆಟ್ಟನ್ನು ಅಂಗಳದಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಆರು ವರ್ಷದ ಹಿಂದೆ ಹದ್ದುಬಸ್ತಿನವರು ಬಂದು ಎರಡು ಗದ್ದೆಗಳ ನಡುವೆ ಕಲ್ಲು ನೆಟ್ಟು ಹೋದಮೇಲೆ ಅವನು ಶೇಷಪ್ಪನ ಅಂಗಳ ತುಳಿದಿರಲಿಲ್ಲ. ಕಲ್ಲು ಒಂದು ಮೊಳ ಆಚೆ ಬಿತ್ತೋ ಈಚೆ ಬಿತ್ತೋ ಎಂಬುದು ಈಗ ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಮಾತು ಬಿಟ್ಟದ್ದು ಮಾತ್ರ ಚೆನ್ನಾಗಿ ನೆನಪಿದೆ.

"ನಿನ್ನೆ ಮಳೆಗೆ ಹತ್ತುಮೀನು ಎದ್ದಾವೆ," ಎಂದ ಆನಂದಪ್ಪ, ಶೇಷಪ್ಪನ ಮುಖ ಬಿಟ್ಟು ಮಿಕ್ಕೆಲ್ಲ ಕಡೆ ನೋಡುತ್ತ. "ಬದುವಿನ ಕಂಡಿಗೆ ಕೂಣಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ಇದು ಬಿದ್ದದೆ. ಕೂಣಿ ನಂದು, ನೀರು ನಿನ್ನ ಗದ್ದೇದು. ಮೀನು ಇಬ್ರಿಗೂ ಸೇರಿದ್ದು."

ಇಬ್ಬರ ಅಪ್ಪಂದಿರೂ ಹೀಗೇ ಮಾಡುತ್ತಿದ್ದರು. ಮೊದಲ ಮಳೆಗೆ ವರದಾ ಹೊಳೆಯಿಂದ ಗದ್ದೆ ಹತ್ತಿ ಬರುವ ಮೀನು ಬದುವಿನ ಬಿದಿರು ಬುಟ್ಟಿಯಂಥ ಕೂಣಿಗೆ ಬಿದ್ದರೆ, ಮೇಲಿನ ಗದ್ದೆಯವನನ್ನು ಕರೆದು ಒಟ್ಟಿಗೆ ಕೂತು ಉಣ್ಣುವುದು. ಶೇಷಪ್ಪ ಬಗ್ಗಿ ನೋಡಿದ. ಅರ್ಧ ಬಕೆಟ್ ನೀರಿನಲ್ಲಿ ಮೊಳದುದ್ದದ ಕುಚ್ಚು ಮೀನು ಮಡಚಿಕೊಂಡು ಮಲಗಿತ್ತು. ಅದರ ಮೇಲ್ದುಟಿಯ ಬಲಬದಿ ಹರಿದಿತ್ತು.

ಆ ತುಟಿ ಹರಿದದ್ದು ಶೇಷಪ್ಪನದೇ ಗಾಳ. ನಾಲ್ಕು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಅವನು ಬಿಡುವಾದಾಗಲೆಲ್ಲ ಹೊಳೆಯ ಮಡುವಿನ ದಡದಲ್ಲಿ ಕೂರತೊಡಗಿದ್ದ. ಹುಂಜದ ಕೆಂಪು ಪುಕ್ಕವನ್ನು ಗಾಳಕ್ಕೆ ಸುತ್ತಿ, ಹುಳ ಹಾರಿದಂತೆ ನೀರಿನ ಮೇಲೆ ಆಡಿಸುವುದು ಅವನ ಪಟ್ಟು. ಮೊದಲ ಸಲ ಈ ಮೀನು ಸಿಕ್ಕಾಗ, ಒಬ್ಬನಿಗೆ ಅಂತ ಯಾರು ಸಾರು ಕಾಯಿಸುತ್ತಾರೆ ಅನ್ನಿಸಿ ನೀರಿಗೆ ಬಿಟ್ಟಿದ್ದ. ಆಮೇಲೆ ಅದು ಮತ್ತೆ ಮತ್ತೆ ಸಿಕ್ಕಿತು. ಮಳೆಗಾಲದ ಕೆಂಪು ನೀರಿನಲ್ಲಿ, ದೀಪಾವಳಿ ಕಳೆದು ನೀರು ತಿಳಿಯಾದಾಗ, ಬೇಸಿಗೆಯಲ್ಲಿ ಹೊಳೆ ಒಣಗಿ ಬರೀ ಮಡು ಉಳಿದಾಗ. ಸಿಕ್ಕಾಗಲೆಲ್ಲ ಗಾಳ ಬಿಡಿಸಿ, ಬೊಗಸೆಯಲ್ಲಿ ಹಿಡಿದು, ಮನೆಯ ಸುದ್ದಿಯಷ್ಟನ್ನೂ ಹೇಳಿ ಬಿಡುತ್ತಿದ್ದ. ಗ್ಯಾಸ್ ಮುಗಿದದ್ದು, ಎಮ್ಮೆ ಕರು ಹಾಕಿದ್ದು, ಮಂಡಿ ನೋವು. ಮೀನಿಗೆ ಕಿವಿ ಇದೆಯೋ ಇಲ್ಲವೋ ಅಂತ ವಿಚಾರಿಸಲು ಹೋಗಿರಲಿಲ್ಲ.

"ಮನೇಲಿ ಹಾಲಮ್ಮ ಮಸಾಲೆ ಅರೆಯಾಕೆ ಕೂತಾಳೆ. ಬರ್ತೀಯ?" ಎಂದ ಆನಂದಪ್ಪ.

"ಇದಕ್ಕಿನ್ನೂ ಜೀವ ಅದೆ."

"ಕುಚ್ಚು ಅಲ್ವನ, ಸಂಜೆವರೆಗೂ ಇರ್ತದೆ. ಬ್ಯಾಡ ಅಂದ್ರೆ ಈಗ್ಲೇ ಹೇಳು ಮಾರಾಯ. ಇನ್ನೊಂದ್ಸಲ ಬರಾಕೆ ನಂಗೆ ಕಾಲು ಬರಾದಿಲ್ಲ."

ಇದೊಂದನ್ನು ಬಿಟ್ಟುಬಿಡು, ಬರೀ ಅನ್ನ ಸಾರಿಗೇ ಬರ್ತೀನಿ ಎನ್ನಬಹುದಿತ್ತು. ಯಾಕೆ ಅಂತ ಕೇಳಿದರೆ? ಮೀನಿನ ಹತ್ತಿರ ಕಷ್ಟಸುಖ ಹೇಳಿಕೊಳ್ಳುವವನನ್ನು ಕಂಡು ಆನಂದಪ್ಪ ನಗಬಹುದು. ನಗದೆ ಸುಮ್ಮನಾದರೆ ಅದು ಇನ್ನೂ ಕಷ್ಟ. ಶೇಷಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು, "ಬಕೆಟ್ ನಾನು ತರ್ತೀನಿ, ನಡಿ," ಎಂದ.

ಬದುವಿನ ಮೇಲೆ ಆನಂದಪ್ಪ ಮುಂದೆ, ಇವನು ಹಿಂದೆ. ಮುಂದಿದ್ದವನು ಆರು ವರ್ಷದ ಮಾತನ್ನು ಒಂದೇ ಉಸಿರಿಗೆ ಆಡುತ್ತಿದ್ದ. "ಮಗಳು ಧನ್ಯಾ ಮದುವೆ ಕಾರ್ಡಿನ ಮೇಲೆ ಮೊದ್ಲು ಬರೆದಿದ್ದೇ ನಿನ್ನ ಹೆಸ್ರು. ಕೊಡಾಕೆ ಆಗ್ಲಿಲ್ಲ. ಈಗ್ಲೂ ಬೀರುವಲ್ಲೇ ಅದೆ, ಬೇಕಾದ್ರೆ ತೋರಿಸ್ತೀನಿ." ಹೊಳೆಗೆ ಇಳಿಯುವ ಕಾಲುವೆ ಅಡ್ಡ ಬಂತು. ನೀರು ದಡ ಮುಟ್ಟಿ ಹರಿಯುತ್ತಿತ್ತು. ಶೇಷಪ್ಪ ನಿಂತ. ಬಕೆಟ್ ಇಲ್ಲೇ ಬಗ್ಗಿಸಿ ಕಾಲು ಜಾರಿತು ಅಂದರೆ ಸಾಕು, ಹೊಸ ಮಳೆಯ ಕೆಸರಿನಲ್ಲಿ ಯಾರ ಕಾಲೂ ಜಾರುತ್ತದೆ. ಬಕೆಟ್ಟಿನಲ್ಲಿ ಮೀನು ಒಮ್ಮೆ ಹೊರಳಿ ಅವನ ಕೈಗೆ ನೀರು ಹಾರಿಸಿತು.

"ಯಾಕ ನಿಂತೆ?" ಆನಂದಪ್ಪ ತಿರುಗಿದ. ಬೆಳಿಗ್ಗೆಯಿಂದ ಈಗಲೇ ಅವನು ಶೇಷಪ್ಪನ ಮುಖವನ್ನು ನೇರ ನೋಡಿದ್ದು. ಬರುವುದಿಲ್ಲ ಎಂದುಬಿಡುತ್ತಾನೇನೋ ಎಂಬ ಹೆದರಿಕೆ ಆ ಕಣ್ಣುಗಳಲ್ಲಿತ್ತು.

"ಭಾರ ಅದೆ," ಎಂದು ಶೇಷಪ್ಪ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿ ಕಾಲುವೆ ದಾಟಿದ.

ಮಧ್ಯಾಹ್ನ ಆನಂದಪ್ಪನ ಹೆಂಡತಿ ಹಾಲಮ್ಮ ಮೀನಿನ ತಲೆಯ ತುಂಡನ್ನು ಅವನ ತಟ್ಟೆಗೇ ಹಾಕಿದಳು. "ತಲೆ ಯಾವತ್ತೂ ಬಂದೋರಿಗೆ," ಎಂದಳು. ಹರಿದ ತುಟಿ ಮಸಾಲೆಯಲ್ಲೂ ಗುರುತು ಸಿಗುವಂತಿತ್ತು. ಶೇಷಪ್ಪ ಅನ್ನ ಕಲಸಿದ, ಉಂಡ. ನಾಲ್ಕು ವರ್ಷದಲ್ಲಿ ಇನ್ನೊಬ್ಬರು ಎದುರು ಕೂತು ಬಡಿಸಿದ ಊಟ ಇದೇ ಮೊದಲು. ಸಾರು ರುಚಿಯಾಗಿತ್ತು. ರುಚಿಯಾಗಿದ್ದದ್ದಕ್ಕೇ ಅವನಿಗೆ ಅಳು ಬರುವ ಹಾಗಾಯಿತು.

"ಒಂದು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ," ಎಂದ ಆನಂದಪ್ಪ. "ಮಡುವಿನ ಹತ್ರ ನೀನು ಒಬ್ಬನೇ ಕೂತು ಮಾತಾಡೋದನ್ನ ಆಚೆ ದಡದಿಂದ ಎಷ್ಟೋ ಸಲ ನೋಡೀನಿ. ನೋಡಿ ನೋಡಿ ತಡೀಲಾರದೇ ಇವತ್ತು ಬಂದಿದ್ದು. ಯಾರ ಹತ್ರ ಮಾತಾಡ್ತಿದ್ದೆ ಮಾರಾಯ?"

ಶೇಷಪ್ಪ ತಲೆಯ ತುಂಡನ್ನು ಮಗುಚಿ ಹಾಕಿದ. ಹರಿದ ತುಟಿ ಅನ್ನದ ಕಡೆಗಾಯಿತು.

"ಈಗ ಯಾರೂ ಇಲ್ಲ ಬಿಡು," ಎಂದ.