ಜಾರಿದ ದಾರ

ಅಪ್ಪ ಗಾಳದ ಕೋಲಿನ ರೀಲಿನ ಹಿಡಿಯನ್ನು ತಿರುಗಿಸುತ್ತಲೇ ಇದ್ದ, ದಾರ ಮಾತ್ರ ಒಳಗೆ ಬರುತ್ತಿರಲಿಲ್ಲ. ಗಾಳ ಕಚ್ಚಿದ ಮೀನು ಕೆರೆಯಲ್ಲಿ ತನಗೆ ಬೇಕಾದ ಕಡೆಗೆ ಹೋಗುತ್ತಿತ್ತು. ಎಡಗೈಯಲ್ಲಿ ತೆಳ್ಳನೆಯ ಕೋಲು ಬಾಗಿತ್ತು, ಬಲಗೈ ಒಂದೇ ಸಮನೆ ಸುತ್ತುತ್ತಿತ್ತು, ಹಣೆಯಲ್ಲಿ ಬೆವರಿತ್ತು.

"ಬಿಗಿ ಮಾಡಪ್ಪ," ಎಂದಳು ಪಕ್ಕದಲ್ಲಿ ನಿಂತ ಮಗಳು.

ರೀಲಿನ ಮೂತಿಯಲ್ಲಿ ಒಂದು ತಿರುಪಿದೆ. ಅದನ್ನು ಬಿಗಿ ಮಾಡಿದರೆ ಮೀನು ದಾರ ಎಳೆಯುವುದು ಕಷ್ಟವಾಗಬೇಕು. ಅಪ್ಪ ಬಲಗೈ ಬೆರಳಿನಿಂದ ಬಿಗಿ ಮಾಡಿದ, ಹಲ್ಲು ಕಚ್ಚಿ ಇನ್ನೂ ಬಿಗಿ ಮಾಡಿದ. ಮೀನು ಸೊಪ್ಪು ಹಾಕಲಿಲ್ಲ. ನೀರಿನಲ್ಲಿ ಒಮ್ಮೆ ತಲೆ ಕೊಡವಿತು, ಗಾಳ ಕಳಚಿ ಬಾಗಿದ್ದ ಕೋಲು ನೆಟ್ಟಗಾಯಿತು, ಅಲ್ಲಿಗೆ ಕತೆ ಮುಗಿಯಿತು.

ಅಪ್ಪ ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಬಲಗೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದ. ಆ ಕೈಗೆ ಲಕ್ವ ಹೊಡೆದು ಒಂದು ವರ್ಷವಾಗಿತ್ತು. ಕೈ ಮತ್ತೆ ಸರಿಹೋಗಿದೆ ಎಂದು ಡಾಕ್ಟರು ಹೇಳಿದ್ದರು, ಆದರೆ ಕತ್ತರಿ ಹಿಡಿಯುವವನು ತಾನೇ ಅದನ್ನು ನಂಬಬೇಕಲ್ಲ. ಕ್ಷೌರದಂಗಡಿಯಲ್ಲಿ ಕಿಟಕಿ ಪಕ್ಕದ ಅವನ ಕುರ್ಚಿ ಖಾಲಿ ಬಿದ್ದಿತ್ತು. ಒಳಗಿನ ಕುರ್ಚಿಯಲ್ಲಿ ಮಗಳೇ ಊರವರ ತಲೆಯನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಕೊನೆಗೆ ಅಪ್ಪ ಮೀನನ್ನೇ ಪಂಚಾಯ್ತಿಗೆ ಕೂರಿಸಿದ್ದ. ಈ ಕೈಯಿಂದ ಒಂದು ಮೀನು ದಡಕ್ಕೆ ಬಂದರೆ ನಾಳೆಯಿಂದ ಕತ್ತರಿ ಹಿಡಿಯುವುದು, ಬರದಿದ್ದರೆ ಅಂಗಡಿ ಮಗಳದು. ಕೈಗೆ ಭಾರವಾಗಬಾರದೆಂದು ಹಗುರವಾದ ಕೋಲು, ಪುಟ್ಟ ರೀಲು, ಕೂದಲೆಳೆಯಂಥ ಹೆಣೆದ ದಾರ ತಂದಿದ್ದ. ನೈಲಾನ್ ದಾರದ ಹಾಗೆ ಇದು ಹಿಗ್ಗುವುದಿಲ್ಲ, ಮೀನು ಮೂಸಿ ನೋಡಿದರೂ ಕೈಗೆ ಸುದ್ದಿ ಬರುತ್ತದೆ ಎಂದು ವಾರವೆಲ್ಲ ಗಿರಾಕಿಗಳ ತಲೆ ತಿಂದಿದ್ದ.

"ಮುಗೀತು ಬಿಡು," ಎಂದು ಅಪ್ಪ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಅವಳತ್ತ ಚಾಚಿದ. "ನಿಂಗೂ ಒಂದು ದಾರಿ ಆಯ್ತು."

ಅವಳು ತೆಗೆದುಕೊಂಡಳು. ಒಂದು ಗಳಿಗೆ ಸಂತೋಷವೇ ಆಯಿತು, ಸುಳ್ಳೇಕೆ. ಕಿಟಕಿ ಪಕ್ಕದ ಕುರ್ಚಿಗೆ ಹೊಸ ಬಟ್ಟೆ, ಹೆಂಗಸರಿಗೆಂದು ಬೇರೆ ಒಂದು ಪರದೆ, ಬಾಗಿಲಿಗೆ ಹಸಿರು ಬಣ್ಣ, ಎಲ್ಲ ಮನಸ್ಸಿನಲ್ಲಿ ಯಾವತ್ತೋ ತಯಾರಾಗಿತ್ತು. ಆದರೆ ಮೀನು ಕಚ್ಚಿದಾಗಿನಿಂದಲೂ ಅವಳ ಕಿವಿಗೆ ಏನೋ ಕಡಿಮೆ ಅನಿಸುತ್ತಿತ್ತು. ಮೀನು ದಾರ ಎಳೆದುಕೊಂಡು ಓಡಿದರೆ ರೀಲು ಕರಕರ ಅನ್ನಬೇಕು. ಇವತ್ತು ಅದು ತುಟಿಪಿಟಕ್ ಅಂದಿರಲಿಲ್ಲ.

ಅವಳು ರೀಲನ್ನು ಎತ್ತಿಕೊಂಡು ದಾರದ ಸುತ್ತಿನ ಮೇಲೆ ಹೆಬ್ಬೆರಳಿಟ್ಟು ತಳ್ಳಿದಳು. ಇಡೀ ದಾರ, ಸುತ್ತಿದ ಸುತ್ತೆಲ್ಲ ಸೇರಿ, ಉರುಳೆಯ ಮೇಲೆ ಸಡಿಲ ಬಳೆಯಂತೆ ತಿರುಗಿತು. ದಾರ ಸುತ್ತಿದ್ದು ಅವಳೇ. ಈ ದಾರ ನುಣುಪಾದ ಉರುಳೆಯನ್ನು ಹಿಡಿಯುವುದಿಲ್ಲ, ಮೊದಲು ಅಡಿಗೆ ಒಂದು ತುಂಡು ಅಂಟುಪಟ್ಟಿ ಹಾಕಿ ಎಂದು ಮಾರಿದವನು ಹೇಳಿದ್ದ. ಬ್ಲೇಡು ತಾಗಿದವರಿಗೆ ಹಚ್ಚುವ ಪಟ್ಟಿ ಅಂಗಡಿಯ ಡ್ರಾಯರಿನಲ್ಲಿ ರಾಶಿ ಇತ್ತು. ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ ಕೂರಿಸಿ, ಅವನ ಗಡ್ಡ ನೆನೆಯುವಷ್ಟರಲ್ಲಿ ಆತುರಾತುರವಾಗಿ ಸುತ್ತಿ ಮುಗಿಸಿದ್ದಳು, ಪಟ್ಟಿ ನೆನಪೇ ಆಗಿರಲಿಲ್ಲ. ಅಪ್ಪ ಎಷ್ಟು ತಿರುಗಿಸಿದರೂ, ಎಷ್ಟು ಬಿಗಿ ಮಾಡಿದರೂ ದಾರ ಜಾರುತ್ತಲೇ ಇತ್ತು. ಅವನ ಜಾಗದಲ್ಲಿ ಪೈಲ್ವಾನನಿದ್ದರೂ ಅಷ್ಟೇ ಆಗುತ್ತಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬೀಗದ ಕೈ ಅಂಗೈಯಲ್ಲಿ ಬೆಚ್ಚಗಿತ್ತು.

"ಅಪ್ಪ, ತಪ್ಪು ನಿನ್ನ ಕೈದಲ್ಲ," ಎಂದು ಅವಳು ಅವನ ಬೆರಳನ್ನೇ ಹಿಡಿದು ದಾರದ ಸುತ್ತಿನ ಮೇಲಿಟ್ಟಳು. "ಪಟ್ಟಿ ಹಾಕ್ದೆ ಸುತ್ತಿದೀನಿ ನಾನು."

ಅಪ್ಪ ದಾರವನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಅವಳು ಬೈಗುಳಕ್ಕೆ ಕಾದಳು. ಅವನು ಬೈಯಲಿಲ್ಲ, ಮುಖವೂ ಅರಳಲಿಲ್ಲ.

"ಹಾಗಾದ್ರೆ ಕೈ ಸರಿಯಿದೆ ಅಂತಾನೂ ಗೊತ್ತಾಗ್ಲಿಲ್ವಲ್ಲ," ಎಂದ.

ಅವಳು ಚೀಲಕ್ಕೆ ಕೈ ಹಾಕಿದಳು. ಹೆಣೆದ ದಾರ ಚಾಕುವಿಗೆ ಬಗ್ಗುವುದಿಲ್ಲವೆಂದು ಅಂಗಡಿಯ ಹಳೆಯ ಕತ್ತರಿಯೊಂದನ್ನು ತಂದಿದ್ದರು. ಅದನ್ನು ಅಪ್ಪನ ಬಲಗೈಗೆ ಕೊಟ್ಟು, ಅವನನ್ನು ಎಬ್ಬಿಸಿ, ಬಕೆಟಿನ ಮೇಲೆ ತಾನು ಅವನಿಗೆ ಬೆನ್ನು ಮಾಡಿ ಕೂತಳು. ಜಡೆ ಬಿಚ್ಚಿ ಕೂದಲನ್ನು ಬೆನ್ನ ಮೇಲೆ ಹರಡಿದಳು.

"ಹುಚ್ಚೇನೇ ನಿಂಗೆ? ನಾಳೆ ನೀನು ಜನರ ಮುಂದೆ ನಿಲ್ಬೇಕು."

"ತಲೆ ನಂದು ತಾನೇ. ಶುರು ಮಾಡು."

ಹಿಂದೆ ಅಪ್ಪನ ಅಂಗಿಯ ಜೇಬಿನಿಂದ ಬಾಚಣಿಗೆ ಹೊರಬಂದ ಸದ್ದು ಕೇಳಿಸಿತು. ನೆತ್ತಿಯಿಂದ ಕೆಳಗೆ ಇಳಿದ ಬಾಚಣಿಗೆ ಕತ್ತಿನ ಹತ್ತಿರ ನಿಂತಿತು. ಅವಳಿಗೆ ಹೆದರಿಕೆಯಾಯಿತು. ಕಣ್ಣು ಮುಚ್ಚಿಕೊಂಡಳು, ಕತ್ತು ಅಲ್ಲಾಡಿಸಲಿಲ್ಲ.

ಅಪ್ಪ, "ಎಷ್ಟು ತೆಗೀಲಿ?" ಎಂದು ಕೇಳಿದ. ವರ್ಷದಿಂದ ಅಂಗಡಿಯಲ್ಲಿ ಗಿರಾಕಿಗಳನ್ನು ಹೀಗೆ ಕೇಳುತ್ತಿದ್ದವಳು ಅವಳೊಬ್ಬಳೇ.