ಏಳನೆಯ ಗೊಂಬೆ

ಹುಟ್ಟುತ್ತಲೇ ತೀರಿಕೊಂಡ ಕೂಸುಗಳ ಕೊನೆಯ ಆ ಒಂದು ನಿಮಿಷವನ್ನು ನರ್ಸುಗಳ ತರಬೇತಿ ಗೊಂಬೆಗಳಲ್ಲಿ ಹಾಗೆಯೇ ಕಾದಿಡುತ್ತಿದ್ದ ಕಾಲ. ಆ ನಿಮಿಷ ಮುಗಿಯುವುದರೊಳಗೆ ಉಸಿರು ಬಂದು ಗೊಂಬೆ ಅತ್ತರೆ, ಉಳಿಸಿದ ನರ್ಸು ಅದಕ್ಕೆ ಹೆಸರಿಡಬೇಕು. ಏಳನೆಯ ಗೊಂಬೆ ಮಾತ್ರ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅತ್ತಿರಲಿಲ್ಲ. ಅದರೊಳಗಿದ್ದುದು ಶಿಕ್ಷಕಿ ಬಸಲಿಂಗವ್ವನ ಮೊಮ್ಮಗಳು.

"ಅಕ್ಕಾರ, ಎದಿ ಏಳವಲ್ದು!" ಹೊಸ ನರ್ಸು ಶಶಿರೇಖಾ ಕೂಗಿದಳು. ಅವಳ ಮುಂದಿದ್ದ ಏಳನೆಯ ಗೊಂಬೆಯ ಕೂಸು ನೀಲಿಗಟ್ಟುತ್ತಿತ್ತು.

"ನನ್ನ ಮಾರಿ ಏನ್ ನೋಡ್ತಿ? ಕುತ್ತಿಗಿ ಸರಿ ಮಾಡಿ ಮತ್ತ ಗಾಳಿ ಚೀಲಾ ಒತ್ತು."

ಬಸಲಿಂಗವ್ವ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಸೆಕೆಂಡು ಎಣಿಸಿದಳು. ನಲವತ್ತು, ಐವತ್ತು. ಐವತ್ತೇಳಕ್ಕೆ ಎದೆ ಏರಿತು. ಕೂಸು ಚೀರಿ ಅತ್ತಿತು.

"ಹೆಸರೇನ್ ಇಡ್ಲಿ, ಅಕ್ಕಾರ?"

ನಾಲ್ಕು ವರ್ಷದಿಂದ ಯಾರಿಗೂ ಹೇಳದ ಹೆಸರು ಬಸಲಿಂಗವ್ವನ ಬಾಯಿಗೆ ಬಂತು.

"ಇವತ್ತ ಇದಕ್ಕ ಹೆಸರಿಡೂ ಸೋದರತ್ತಿ ನೀನ. ಕಿವ್ಯಾಗ ಕುರ್ರ್ ಅಂದು, ನೀಲಗಂಗಾ ಅನ್ನವ್ವ."